ಮೋನಮ್ಮ ಆರಿಸಿದ ಮೊಳೆ ಗನ್ನು

ಹೊಳೆ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಅಲ್ಲಿ ಮಂತ್ರ ಕಡಿಮೆ, ಮರಗೆಲಸ ಹೆಚ್ಚು.

ಗುರುಗಳು ನಾಗಲಿಂಗಾಚಾರ್ಯರು. ಎಲ್ಲರ ಬಾಯಲ್ಲಿ ಅಜ್ಜ. ಉಳಿ ಹಿಡಿಯಲು ಬಂದವರಿಗೆ ಅವರು ಉಳಿ ಹಿಡಿಯುವುದನ್ನು ಕಲಿಸುತ್ತಿದ್ದರು. ದೇವರು ಎಲ್ಲಿದ್ದಾನೆ ಎಂದು ಕೇಳಿಕೊಂಡು ಬಂದವರಿಗೂ ಅದನ್ನೇ ಕಲಿಸುತ್ತಿದ್ದರು.

ಶಿಷ್ಯರೆಲ್ಲ ಗಂಡಸರು. ಮೋನಮ್ಮ ಒಬ್ಬಳೇ ಹೆಂಗಸು.

ಗಂಡನ ಮನೆ ಬಿಟ್ಟು, ಕಂಕುಳಲ್ಲಿ ಕೂಸು ಇಟ್ಟುಕೊಂಡು ಬಂದವಳು. ಬಂದ ದಿನ ಅಜ್ಜ ಕೇಳಿದ್ದರು, "ಹೆಸರೇನು ಮಗಳೇ?"

"ಮೋನಮ್ಮ. ಮೌನೇಶ್ವರನ ಹೆಸರು. ಹೆಸರಿಗಷ್ಟೇ ಮೌನ ಅಜ್ಜಾ. ಆಮೇಲೆ ಮೋಸ ಹೋದೆ ಅನ್ನಬೇಡಿ."

ಅಜ್ಜ ನಕ್ಕು ಒಳಗೆ ಕರೆದಿದ್ದರು.

ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಬಾಗಿಲ ಚೌಕಟ್ಟಿಗೂ ಗೋಡೆಗೂ ನಡುವೆ ಸಂದು ಉಳಿಯುತ್ತದಲ್ಲ, ಅದನ್ನು ಮುಚ್ಚಲು ತೆಳ್ಳನೆಯ ತೇಗದ ಪಟ್ಟಿ ಹೊಡೆಯುತ್ತಾರೆ. ಅದಕ್ಕೆ ಇಬ್ಬರು ಬೇಕು. ಒಬ್ಬ ಪಟ್ಟಿಯನ್ನು ಅಲುಗದಂತೆ ಹಿಡಿಯಬೇಕು. ಇನ್ನೊಬ್ಬ ಒಂದು ಕೈಯಲ್ಲಿ ಮೊಳೆ, ಒಂದು ಕೈಯಲ್ಲಿ ಸುತ್ತಿಗೆ ತೆಗೆದುಕೊಂಡು ಹೊಡೆಯಬೇಕು.

ಹೊಸಬರು ಹಿಡಿಯುತ್ತಾರೆ. ಹಳಬರು ಹೊಡೆಯುತ್ತಾರೆ.

ಹಿಡಿದು ಹಿಡಿದು ಪಳಗಿದವನಿಗೆ ಒಂದು ದಿನ ಅಜ್ಜ "ಇನ್ನು ನೀನು ಹೊಡಿ" ಅನ್ನುತ್ತಾರೆ. ಅವತ್ತಿನಿಂದ ಅವನು ಬಡಗಿ. ಊರವರು ಅವನ ಹೆಸರು ಹೇಳಿ ಕೆಲಸಕ್ಕೆ ಕರೆಯುತ್ತಾರೆ. ಅವನ ಅನ್ನ ಅವನದಾಗುತ್ತದೆ.

ಮೋನಮ್ಮ ಎಲ್ಲರಿಗೂ ಹಿಡಿದಳು. ತನಗಿಂತ ಮುಂಚೆ ಬಂದವರಿಗೆ ಹಿಡಿದಳು. ತಾನು ಬಂದ ಮೇಲೆ ಬಂದವರಿಗೂ ಹಿಡಿದಳು. ಅವರೆಲ್ಲ ಬಡಗಿಗಳಾದರು. ಅವಳು ಪಟ್ಟಿ ಹಿಡಿಯುವವಳಾಗಿಯೇ ಉಳಿದಳು.

ಆಶ್ರಮದಲ್ಲಿ ಹೊಸ ಪ್ರಾರ್ಥನಾ ಮಂದಿರ ಎದ್ದಿತು. ಗೋಡೆ ಮುಗಿಯಿತು, ಚೌಕಟ್ಟು ಕೂತಿತು. ಒಂದು ಬೆಳಗ್ಗೆ ಅಜ್ಜ ಎಲ್ಲರ ಮುಂದೆ ಅಂದರು, "ದೊಡ್ಡ ಬಾಗಿಲಿನ ಪಟ್ಟಿ ಮೋನಮ್ಮ ಹೊಡೆಯಲಿ."

ಅವಳು ಸೆರಗು ಸಿಕ್ಕಿಸಿ, ಸುತ್ತಿಗೆ ತಂದು, ಪಟ್ಟಿ ಎತ್ತಿ ನಿಂತಳು. ಹಿಡಿಯಲು ಯಾರೂ ಬರಲಿಲ್ಲ.

ಒಬ್ಬ ಗರಗಸಕ್ಕೆ ಎಣ್ಣೆ ಹಚ್ಚುತ್ತಿದ್ದ. ಒಬ್ಬನಿಗೆ ಇದ್ದಕ್ಕಿದ್ದಂತೆ ನೀರಡಿಕೆ ಆಯಿತು. ಹಿರಿಯ ಶಿಷ್ಯ ಕಾಳಾಚಾರಿ ಮಾತ್ರ ಕೈ ಕಟ್ಟಿಕೊಂಡು ಅಲ್ಲೇ ನಿಂತಿದ್ದ.

"ಕಾಳಾಚಾರಣ್ಣಾ, ಸ್ವಲ್ಪ ಹಿಡೀರಿ."

"ನಾನಾ? ಹೆಂಗಸು ಹೊಡೆಯೋದು, ಗಂಡಸು ಹಿಡಿಯೋದಾ? ನಾಳೆ ಸೀರೆ ಉಟ್ಟುಕೋ ಅಂತೀಯ."

"ಉಡಿ ಅಣ್ಣಾ, ಒಪ್ಪುತ್ತೆ. ಆದರೆ ನೆರಿಗೆ ಹಿಡಿಯೋಕೂ ನಿಮಗೆ ಇನ್ನೊಬ್ಬರು ಬೇಕಲ್ಲ, ಅದೇ ಕಷ್ಟ."

ನಾಲ್ಕು ಜನ ನಕ್ಕರು. ಆದರೆ ನಕ್ಕವರೂ ಹಿಡಿಯಲು ಬರಲಿಲ್ಲ.

ಅವಳು ಒಬ್ಬಳೇ ಹೊಡೆಯಲು ನೋಡಿದಳು. ಪಟ್ಟಿಗೆ ಮೊಣಕಾಲು ಕೊಟ್ಟಳು, ಹಣೆ ಒತ್ತಿ ಹಿಡಿದಳು. ಒಂದು ಕೈಯಲ್ಲಿ ಮೊಳೆ, ಒಂದು ಕೈಯಲ್ಲಿ ಸುತ್ತಿಗೆ. ಸುತ್ತಿಗೆ ಎತ್ತಿದ್ದೇ ತಡ, ಪಟ್ಟಿ ಜಾರಿತು. ಪೆಟ್ಟು ಹೆಬ್ಬೆರಳಿಗೆ ಬಿತ್ತು.

ಬೆರಳನ್ನು ಬಾಯಲ್ಲಿಟ್ಟುಕೊಂಡೇ ಹೊಳೆ ಮೆಟ್ಟಿಲಿಗೆ ನಡೆದಳು. ಅಜ್ಜ ಅಲ್ಲಿ ಕೂತು ಉಳಿ ಮಸೆಯುತ್ತಿದ್ದರು.

"ಅಜ್ಜಾ, ನೀವು ಒಂದು ಮಾತು ಹೇಳಿದರೆ ಅವರು ಹಿಡೀತಾರೆ."

"ಹೌದು. ಹಿಡೀತಾರೆ."

"ಮತ್ತೆ ಹೇಳಿ."

"ನಾನು ಸತ್ತ ಮೇಲೆ ಯಾರು ಹೇಳಬೇಕು?"

ಮೋನಮ್ಮ ಹೊಳೆಯ ಕಡೆ ನೋಡಿದಳು. ಹೊಳೆ ಅವಳ ಪರವಾಗಿಯೂ ಮಾತಾಡಲಿಲ್ಲ, ಅಜ್ಜನ ಪರವಾಗಿಯೂ ಮಾತಾಡಲಿಲ್ಲ.

"ಹಾಗಾದರೆ ನನಗೊಂದು ಗನ್ನು ಕೊಡಿಸಿ."

ಅಜ್ಜನ ಕೈ ನಿಂತಿತು. "ಯಾರನ್ನು ಸುಡೋಕೆ?"

"ಮೊಳೆ ಹೊಡೆಯೋ ಗನ್ನು ಅಜ್ಜಾ. ಪೇಟೆಯಲ್ಲಿ ಪಾಲಿಶ್ ಕೆಲಸಕ್ಕೆ ಹೋದಾಗ ನೋಡಿದ್ದೆ. ಒಬ್ಬನೇ ಬಡಗಿ. ಎಡಗೈಯಲ್ಲಿ ಪಟ್ಟಿ, ಬಲಗೈಯಲ್ಲಿ ಗನ್ನು. ಟಪ್ ಅಂದರೆ ಒಂದು ಮೊಳೆ ಒಳಗೆ. ಹಿಡಿಯೋಕೆ ಒಂದು ನರಪಿಳ್ಳೆ ಇರಲಿಲ್ಲ."

"ಯಾವ ಗನ್ನು?"

"ಯಾವುದಾದರೂ ಆದೀತು."

"ಯಾವುದಾದರೂ ಆದೀತು ಅನ್ನುವವಳು ಗಂಡನ ಮನೆ ಬಿಟ್ಟು ಯಾಕೆ ಬಂದೆ?"

ಮಾತು ಚುಚ್ಚಿತು. ಮೋನಮ್ಮ ಹೆಬ್ಬೆರಳನ್ನು ಬಾಯಿಂದ ತೆಗೆದಳು.

"ನಾನೇ ಆರಿಸಿ ತರುತ್ತೇನೆ. ತಂದು, ದೊಡ್ಡ ಬಾಗಿಲನ್ನು ಒಬ್ಬಳೇ ಮುಗಿಸುತ್ತೇನೆ. ಮುಗಿಸಿದರೆ ನಾನು ಬಡಗಿ."

"ಮುಗಿಯದಿದ್ದರೆ?"

"ಬದುಕಿರುವ ತನಕ ಇವರಿಗೆಲ್ಲ ಪಟ್ಟಿ ಹಿಡಿದುಕೊಂಡು ಬಿದ್ದಿರುತ್ತೇನೆ. ತುಟಿ ಬಿಚ್ಚುವುದಿಲ್ಲ."

"ಕೊನೆಯದು ನಿನ್ನ ಕೈಲಾಗದು," ಅಂದರು ಅಜ್ಜ. "ಉಳಿದದ್ದು ನೋಡೋಣ."

ಸುದ್ದಿ ಆಗಲೇ ಕಾಳಾಚಾರಿಯನ್ನು ಮುಟ್ಟಿತ್ತು. ಮರುದಿನ ಅವಳು ಪೇಟೆಗೆ ಹೊರಟಾಗ ಅವನು ದಾರಿಗೆ ಅಡ್ಡ ನಿಂತಿದ್ದ.

"ಪುಟ್ಟದು ತಗೋ ತಾಯಿ. ಕೈಚೀಲದಲ್ಲಿ ಹಿಡಿಸುವಂಥದ್ದು. ದೊಡ್ಡ ಗನ್ನು ಗಂಡಸರದು. ನೀನು ಎತ್ತೋಕಾಗಲ್ಲ."

ಮೋನಮ್ಮ ಅವನನ್ನು ಬಳಸಿಕೊಂಡು ಮುಂದೆ ನಡೆದಳು. ಎತ್ತೋಕಾಗಲ್ಲ ಅನ್ನುವ ಮಾತು ಪೇಟೆಯವರೆಗೂ ಅವಳ ಜೊತೆಗೇ ಬಂತು.

ಅಂಗಡಿಯವನು ಅಜ್ಜನನ್ನು ಬಲ್ಲವನು. ಮರ್ಯಾದೆಯಿಂದ ಸ್ಟೂಲು ಹಾಕಿದ.

"ಯಾವ ಕೆಲಸಕ್ಕೆ ಅಕ್ಕಾ?"

"ಇರುವುದರಲ್ಲಿ ದೊಡ್ಡದು ತೋರಿಸಿ."

"ದೊಡ್ಡದು ದಪ್ಪ ಮರಕ್ಕೆ ಅಕ್ಕಾ. ನಿಮ್ಮದು ಸಣ್ಣ ಕೆಲಸ ಇದ್ದರೆ..."

"ನನ್ನ ಕೆಲಸ ಸಣ್ಣದು ಅಂತ ನಿಮಗೆ ಹೇಳಿದವರು ಯಾರು?"

ಅವನು ಸುಮ್ಮನೆ ದೊಡ್ಡದನ್ನು ತೆಗೆದುಕೊಟ್ಟ. "ಒಂದು ದಿನ ಹೊಡೆದು ನೋಡಿ. ಒಗ್ಗದಿದ್ದರೆ ಬದಲಾಯಿಸಿ ಕೊಡ್ತೀನಿ. ಅಜ್ಜಾರ ಮುಖ ನೋಡಿ."

ಕರಿಯ ಬಣ್ಣದ, ಹಂದಿ ಮೂತಿಯ ಗನ್ನು. ಕೂಸನ್ನು ಒಂದು ಕಂಕುಳಲ್ಲಿ, ಗನ್ನನ್ನು ಇನ್ನೊಂದು ಕಂಕುಳಲ್ಲಿ ಇಟ್ಟುಕೊಂಡು ಮೋನಮ್ಮ ಆಶ್ರಮದ ಬಾಗಿಲಲ್ಲಿ ಬಸ್ಸಿನಿಂದ ಇಳಿದಳು. ಕೂಸೇ ಹಗುರ ಅನ್ನಿಸಿತ್ತು. ಆದರೂ ಕಾಳಾಚಾರಿಯ ಮುಂದೆ ಗನ್ನನ್ನು ಒಂದೇ ಕೈಯಲ್ಲಿ ಎತ್ತಿ ತೋರಿಸಿಯೇ ಒಳಗೆ ಹೋದಳು.

ಕೂಸನ್ನು ಜೋಲಿಯಲ್ಲಿ ಮಲಗಿಸಿ, ಕೆಲಸದ ಚಪ್ಪರದಲ್ಲಿದ್ದ ಒಂದು ಹಳೆಯ ಚೌಕಟ್ಟಿಗೆ ಪಟ್ಟಿ ಒತ್ತಿ ಹಿಡಿದಳು. ಗನ್ನಿನ ಮೂತಿ ಇಟ್ಟಳು. ತೋರುಬೆರಳಿನಿಂದ ಅದರ ಕುದುರೆ ಎಳೆದಳು.

ಧಡ್!

ಪಟ್ಟಿ ಈ ತುದಿಯಿಂದ ಆ ತುದಿಯವರೆಗೆ ಸೀಳಿಹೋಯಿತು. ಕೂಸು ಚೀರಿ ಎದ್ದಿತು.

ಇನ್ನೊಂದು ಪಟ್ಟಿ. ಈ ಸಲ ತಲೆಯ ಮೇಲೆ, ಬಾಗಿಲ ಮೇಲಿನ ಪಟ್ಟಿ ಹೊಡೆಯುವ ಎತ್ತರಕ್ಕೆ. ಬಲಗೈ ನಡುಗುತ್ತಿತ್ತು. ಹೊಡೆದಳು. ಮೊಳೆ ಮರದ ಗಂಟಿಗೆ ತಾಗಿ ಒಳಗೇ ತಿರುಗಿ, ಎಡಗೈ ಬೆರಳಿನ ಪಕ್ಕದಲ್ಲೇ ತುದಿ ಹೊರಗೆ ಹಾಕಿತು. ಬೆರಳ ಚರ್ಮ ಗೀರಿತು.

"ಒಲೆಗೆ ಒಳ್ಳೆ ಸೌದೆ ಆಯಿತು," ಅಂದ ಕಾಳಾಚಾರಿ. "ಇವತ್ತು ಅಡುಗೆ ಬೇಗ ಆಗುತ್ತೆ."

ಎಲ್ಲರೂ ನಕ್ಕರು. ಮೋನಮ್ಮ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಅಜ್ಜ ಬಂದು ಸೀಳಿದ ಪಟ್ಟಿಯನ್ನು ಎತ್ತಿಕೊಂಡರು. ಸೀಳಿನಲ್ಲಿ ಬೆಳಕು ನೋಡಿದರು.

"ಈ ಗನ್ನು ಆರಿಸಿದ್ದು ಯಾರು?"

"ನಾನೇ."

"ಅಲ್ಲ."

"ನಾನೇ ಅಜ್ಜಾ! ಅಂಗಡಿಯವನು ಬೇಡ ಅಂದರೂ ಹಟ ಹಿಡಿದು ತಂದಿದ್ದು ನಾನೇ."

"ಹೊತ್ತು ತಂದಿದ್ದು ನೀನು. ಆರಿಸಿದ್ದು ಕಾಳಾಚಾರಿ."

ಅಷ್ಟು ಹೇಳಿ ಅಜ್ಜ ಹೋದರು.

ಅವತ್ತು ಅವಳಿಗೆ ಊಟ ಸೇರಲಿಲ್ಲ. ಕೂಸಿಗೆ ಉಣಿಸುತ್ತಾ, ತನ್ನ ಮೇಲೆ ತಾನೇ ಹಲ್ಲು ಕಡಿದಳು. ಅವನು ಎತ್ತೋಕಾಗಲ್ಲ ಅಂದ, ಎತ್ತಿದೆ. ಅವನು ಬೇಡ ಅಂದಿದ್ದನ್ನು ತಂದೆ. ಅವನು ಬಾವಿಗೆ ಬೀಳಬೇಡ ಅಂದಿದ್ದರೆ?

ತಟ್ಟೆ ತೊಳೆದು ನೇರ ಅಜ್ಜನ ಹತ್ತಿರ ಹೋದಳು.

"ಈಗ ಸಣ್ಣದು ತಂದರೆ ಅವನು ಹೇಳಿದ್ದನ್ನೇ ಮಾಡಿದ ಹಾಗಾಗುತ್ತೆ. ಊರು ತುಂಬ ಹೇಳಿಕೊಂಡು ತಿರುಗುತ್ತಾನೆ."

"ತಿರುಗಲಿ."

"ದೊಡ್ಡದು ತಂದರೂ ಅವನೇ ಆರಿಸಿದ್ದು, ಸಣ್ಣದು ತಂದರೂ ಅವನೇ ಆರಿಸಿದ್ದು. ನಾನು ಯಾರನ್ನು ಕೇಳಲಿ ಅಜ್ಜಾ?"

ಅಜ್ಜ ಮೂಲೆಯಲ್ಲಿ ಒರಗಿಸಿದ್ದ ಒಂದು ತೇಗದ ಪಟ್ಟಿಯನ್ನು ಅವಳ ಕೈಗೆ ಕೊಟ್ಟರು.

"ಇದನ್ನು ಕೇಳು."

"ಇದು ಏನು ಹೇಳುತ್ತೆ?"

"ಗೊತ್ತಿಲ್ಲ. ಆದರೆ ಅದಕ್ಕೆ ಕಾಳಾಚಾರಿ ಯಾರು ಅಂತಲೂ ಗೊತ್ತಿಲ್ಲ."

ಮೋನಮ್ಮ ಪಟ್ಟಿಯನ್ನು ಕೈಯಲ್ಲಿ ತಿರುಗಿಸಿ ನೋಡಿದಳು. ಅಷ್ಟು ಕಾಲ ಹಿಡಿದಿದ್ದಳು, ನೋಡಿರಲಿಲ್ಲ. ಬೆರಳಿನಷ್ಟೂ ದಪ್ಪವಿಲ್ಲ. ಅಂಚು ಇನ್ನೂ ತೆಳು. ತುದಿಯ ಹತ್ತಿರ ಎಳೆಗಳು ಬಿಗಿದುಕೊಂಡಿದ್ದವು. ಅಲ್ಲಿ ದಪ್ಪ ಮೊಳೆ ನುಗ್ಗಿದರೆ ಬಿರಿಯದೆ ಇನ್ನೇನು?

ಮಾರನೆಯ ದಿನ ಒಂದು ಕಟ್ಟು ಪಟ್ಟಿ ಹೊತ್ತುಕೊಂಡು ಮತ್ತೆ ಅಂಗಡಿಗೆ ಹೋದಳು. ಕೂಸನ್ನು ಸ್ಟೂಲಿನ ಮೇಲೆ ಕೂರಿಸಿ, ಕೈಗೆ ಬಾಳೆಹಣ್ಣು ಕೊಟ್ಟಳು. ಹಂದಿ ಮೂತಿಯ ಗನ್ನನ್ನು ಮೇಜಿನ ಮೇಲಿಟ್ಟಳು.

"ಇದು ವಾಪಸ್. ನಿಮ್ಮ ಮಾತು ಕೇಳಬೇಕಿತ್ತು. ಕೇಳಲಿಲ್ಲ. ಈಗ ತೆಳು ಪಟ್ಟಿಗೆ ಆಗೋದನ್ನು ತೋರಿಸಿ."

ಅಂಗಡಿಯವನು ಮೊದಲು ಗಾಳಿ ಪೈಪಿನ ಗನ್ನು ತೋರಿಸಿದ. "ಇದು ಹಗುರ ಅಕ್ಕಾ. ಆದರೆ ಗಾಳಿ ಯಂತ್ರ ಬೇರೆ ಬೇಕು. ಪೈಪು ಎಳೆದುಕೊಂಡು ಓಡಾಡಬೇಕು."

"ಒಂದು ಹಗ್ಗ ಬಿಚ್ಚಿಕೊಂಡು ಬಂದಿದ್ದೀನಿ. ಇನ್ನೊಂದು ಕಟ್ಟಿಸಿಕೊಳ್ಳಲ್ಲ. ಬ್ಯಾಟರಿಯದು ಕೊಡಿ."

ಅವನು ಬ್ಯಾಟರಿ ಗನ್ನುಗಳನ್ನು ಸಾಲಾಗಿ ಇಟ್ಟ. ಮೋನಮ್ಮ ಒಂದನ್ನು ಎತ್ತಿಕೊಂಡು, ಎಡಗೈಯಲ್ಲಿ ಪಟ್ಟಿ ಹಿಡಿದು, ಅಂಗಡಿಯ ಬಾಗಿಲ ತಲೆಯ ಮೇಲೆ ಒತ್ತಿದಳು.

"ಅಕ್ಕಾ! ಅದು ನನ್ನ ಅಂಗಡಿ ಬಾಗಿಲು!"

"ಎಲ್ಲಿ ಹೊಡೆದು ನೋಡಲಿ? ನಿಮ್ಮ ತಲೆ ಮೇಲಾ?"

"ಮೇಜಿನ ಮೇಲೆ ಒಂದು ಹಲಗೆ ಇಟ್ಟು ನೋಡಿ. ಎಲ್ಲರೂ ಹಾಗೇ ನೋಡೋದು."

"ಎಲ್ಲರೂ ಮೇಜಿನ ಮೇಲೆ ಬಾಗಿಲು ಕೂರಿಸ್ತಾರಾ?"

ಅವನು ತಲೆ ಕೆರೆದುಕೊಂಡು, ಒಂದು ಹಳೆಯ ಹಲಗೆಯನ್ನು ಗೋಡೆಯ ಮೇಲೆ ಎತ್ತರಕ್ಕೆ ಕಟ್ಟಿಕೊಟ್ಟ.

ಮೊದಲನೆಯದರ ಮೂತಿ ದಪ್ಪ. ಮೊಳೆ ಎಲ್ಲಿ ಬೀಳುತ್ತದೆಂದು ಕಾಣುತ್ತಲೇ ಇರಲಿಲ್ಲ. "ಕಣ್ಣು ಕಟ್ಟಿಕೊಂಡು ಕೆಲಸ ಮಾಡೋ ಹಾಗಿದೆ," ಎಂದು ಇಟ್ಟಳು.

ಇನ್ನೊಂದು ಗನ್ನು, ಕುದುರೆ ಎಳೆದ ಮೇಲೆ, ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಹೊಡೆಯಿತು. ಅಷ್ಟರಲ್ಲಿ ಕೈ ಅಲುಗಿತ್ತು. "ಇದು ನಮ್ಮ ಮಾವನ ಹಾಗೆ. ನೀರು ಕೇಳಿದರೆ ಯೋಚನೆ ಮಾಡಿ ಕೊಡ್ತಿದ್ದರು."

ಒಂದು ಚೆನ್ನಾಗಿ ಹೊಡೆಯಿತು. ಆದರೆ ಮರದ ಮೇಲೆ ತನ್ನ ಮೂತಿಯ ಗುರುತು ಒತ್ತಿತು. ಇನ್ನೊಂದರ ಮೊಳೆ ಕೂದಲಿನಷ್ಟು ಸಣ್ಣ. ಪಟ್ಟಿ ಸೀಳಲಿಲ್ಲ ನಿಜ, ಆದರೆ ಮೋನಮ್ಮ ಎಳೆದರೆ ಕೈಗೇ ಬಂತು.

"ಅಕ್ಕಾ, ಇಷ್ಟು ನೋಡೋರು ಯಾರೂ ಇಲ್ಲ," ಅಂದ ಅಂಗಡಿಯವನು.

"ಮದುವೆಗೆ ಗಂಡು ತೋರಿಸಿದಾಗ ತಲೆ ಎತ್ತಿ ನೋಡಲಿಲ್ಲ ಅಣ್ಣಾ. ಇದನ್ನಾದರೂ ನೋಡಿ ಒಯ್ಯುತ್ತೀನಿ."

ಕೊನೆಗೆ ಒಂದು ಉಳಿಯಿತು. ಸಣ್ಣ ಮೈ, ಚೂಪು ಮೂತಿ. ಮೊಳೆ ಸೂಜಿಗಿಂತ ತುಸು ದಪ್ಪ. ಮೂತಿಯನ್ನು ಮರಕ್ಕೆ ಒತ್ತದೆ ಕುದುರೆ ಎಳೆದರೆ ಅದು ಹೊಡೆಯಲೇ ಇಲ್ಲ. ಒತ್ತಿ ಎಳೆದಳು. ಟಪ್. ಪಟ್ಟಿಯ ತುದಿಯಲ್ಲೇ ಹೊಡೆದಳು, ಬಿರಿಯಲಿಲ್ಲ. ಎಳೆದಳು, ಬರಲಿಲ್ಲ. ಮೊಳೆ ಮೇಲ್ಮೈಗಿಂತ ಎಳ್ಳುಕಾಳಿನಷ್ಟು ಒಳಗಿಳಿದಿತ್ತು. ಆ ಸಣ್ಣ ಗುಳಿಯಲ್ಲಿ ಮೇಣ ತುಂಬಿದರೆ ದೇವರಿಗೂ ಕಾಣುವುದಿಲ್ಲ.

"ಒಳಗೆ ಮೊಳೆ ಸಿಕ್ಕಿಹಾಕಿಕೊಂಡರೆ?"

"ಬಿಚ್ಚಿ ತೆಗೀಬಹುದು."

"ಯಾರು? ನೀವಾ, ನಾನಾ?"

ಅವನು ಮೂತಿಯ ಮೇಲಿನ ಚಿಲಕ ತೋರಿಸಿದ. ಮೋನಮ್ಮ ತಾನೇ ತೆಗೆದಳು, ತಾನೇ ಹಾಕಿದಳು. ಆಮೇಲೆ ಗನ್ನನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಳು. ಕೂಸು ಬಾಳೆಹಣ್ಣನ್ನು ತಿಂದು, ಮುಖಕ್ಕೆ ಮೆತ್ತಿಕೊಂಡು, ಸಿಪ್ಪೆ ಬಿಸಾಡುವವರೆಗೂ ನಿಂತಳು.

ಕೈ ನಡುಗಲಿಲ್ಲ.

"ಇದು," ಅಂದಳು.

ಆಶ್ರಮದಲ್ಲಿ ಕಾಳಾಚಾರಿ ಚೀಲದೊಳಗೆ ಇಣುಕಿ ನೋಡಿದ. ಅವನ ಮುಖ ಅರಳಿತು.

"ಆಟದ ಸಾಮಾನು! ನಾನು ಅವತ್ತೇ ಹೇಳಲಿಲ್ಲವಾ, ಪುಟ್ಟದು ತಗೋ ಅಂತ?"

"ಹೇಳಿದ್ದಿರಿ ಅಣ್ಣಾ. ಪುಟ್ಟದೇ ಸರಿ ಇತ್ತು."

ಕಾಳಾಚಾರಿ ಕಾದ. ಇನ್ನೇನೋ ಕುಟುಕು ಬರುತ್ತದೆ ಎಂದುಕೊಂಡ. ಬರಲಿಲ್ಲ. ಅವಳು ಆಗಲೇ ಪಟ್ಟಿಗಳಿಗೆ ಗುರುತು ಹಾಕುತ್ತಿದ್ದಳು. ತಾನು ಗೆದ್ದೆನೋ ಸೋತೆನೋ ಅವನಿಗೆ ತಿಳಿಯಲಿಲ್ಲ.

ಮಂದಿರದ ದೊಡ್ಡ ಬಾಗಿಲ ಮುಂದೆ ಎಲ್ಲರೂ ಸೇರಿದರು. ಅಜ್ಜ ಗನ್ನನ್ನು ಕೈಗೆ ತೆಗೆದುಕೊಂಡು ತೂಗಿ ನೋಡಿದರು. ಮೂತಿ ನೋಡಿದರು. ಆಮೇಲೆ ಕೆಳಗಿನ ಬ್ಯಾಟರಿಯನ್ನು ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡು, ಗನ್ನನ್ನು ಅವಳಿಗೆ ಕೊಟ್ಟರು.

"ಈಗ ಹೊಡಿ."

"ಬ್ಯಾಟರಿ ಇಲ್ಲದೆ ಹೇಗೆ ಹೊಡೀಲಿ?"

"ಹಾಗಾದರೆ ನಿನಗೆ ಈಗಲೂ ಒಂದು ಆಸರೆ ಬೇಕು. ಬದಲಾದದ್ದೇನು?"

ಶಿಷ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೋನಮ್ಮ ಕೂಸಿನ ಬಟ್ಟೆ ಚೀಲಕ್ಕೆ ಕೈ ಹಾಕಿದಳು. ಒಂದು ಕುಲಾವಿ ಬಂತು. ಒಂದು ಗಿಲಕಿ ಬಂತು. ಆಮೇಲೆ ಗನ್ನಿನ ಜೊತೆಗೇ ತಂದಿದ್ದ ಇನ್ನೊಂದು ಬ್ಯಾಟರಿ ಬಂತು. ಅದನ್ನು ಗನ್ನಿಗೆ ಕ್ಲಿಕ್ ಎಂದು ಕೂರಿಸಿದಳು.

"ಆಸರೆ ಬೇಕು ಅಜ್ಜಾ. ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಆದರೆ ಇದನ್ನು ನಾನೇ ಚಾರ್ಜಿಗೆ ಇಡ್ತೀನಿ. ಇದಕ್ಕೆ ಮುನಿಸು ಬರಲ್ಲ, ನೀರಡಿಕೆ ಆಗಲ್ಲ."

ಅಜ್ಜ ಗಡ್ಡದೊಳಗೇ ನಕ್ಕರು. ಜೇಬಿನಲ್ಲಿದ್ದ ಬ್ಯಾಟರಿಯನ್ನು ತೆಗೆದು ಅವಳ ಚೀಲದೊಳಗೆ, ಗಿಲಕಿಯ ಪಕ್ಕ ಇಟ್ಟರು.

ಮೋನಮ್ಮ ಮೊದಲು ಎಡಬದಿಯ ಪಟ್ಟಿ ಹಿಡಿದಳು. ಟಪ್. ಟಪ್. ಆಮೇಲೆ ಬಲಬದಿಯದು. ಕೂಸು ಜೋಲಿಯಲ್ಲಿ ಏಳಲಿಲ್ಲ.

ಮೇಲಿನ ಪಟ್ಟಿ ಎತ್ತಿಕೊಂಡಾಗ ಎಲ್ಲರ ಕಣ್ಣೂ ಅಲ್ಲಿಗೇ ತಿರುಗಿತು. ಆ ಪಟ್ಟಿ ಉದ್ದ. ಎರಡು ತೋಳು ಚಾಚಿದರೂ ಅದರ ತುದಿಗಳು ಸಿಗುತ್ತಿರಲಿಲ್ಲ. ಒಂದು ತುದಿ ಹಿಡಿದರೆ ಇನ್ನೊಂದು ತುದಿ ಬಾಗುತ್ತಿತ್ತು.

ಕಾಳಾಚಾರಿ ಗಂಟಲು ಸರಿಮಾಡಿಕೊಂಡ. ಅವಳು ಕರೆಯಲಿ ಎಂದು ಕಾಯುತ್ತಿದ್ದ. ಕರೆದರೆ ಏನು ಹೇಳಬೇಕೆಂಬುದೂ ಅವನ ಬಾಯಲ್ಲಿ ಸಿದ್ಧವಾಗಿತ್ತು.

ಮೋನಮ್ಮ ಸ್ಟೂಲಿನ ಮೇಲೆ ನಿಂತು ಪಟ್ಟಿಯನ್ನೇ ನೋಡಿದಳು. ಪಟ್ಟಿಯ ನಡುವೆ ಪೆನ್ಸಿಲಿನಿಂದ ಒಂದು ಗೆರೆ ಎಳೆದಳು. ಚೌಕಟ್ಟಿನ ನಡುವೆಯೂ ಒಂದು ಗೆರೆ. ಗೆರೆಗೆ ಗೆರೆ ಸೇರಿಸಿ, ಅಂಗೈ ಒತ್ತಿ ಹಿಡಿದು, ನಡುವೆ ಒಂದೇ ಮೊಳೆ ಹೊಡೆದಳು.

ಟಪ್.

ಕೈ ಬಿಟ್ಟಳು. ಪಟ್ಟಿ ಬೀಳಲಿಲ್ಲ. ಒಂದೇ ಮೊಳೆಯ ಮೇಲೆ ತಕ್ಕಡಿಯ ದಂಡಿಗೆಯಂತೆ ತೂಗಾಡಿತು.

ಸ್ಟೂಲನ್ನು ಎಡಕ್ಕೆ ಎಳೆದು, ಆ ತುದಿಯನ್ನು ಎತ್ತಿ ಮೂಲೆಗೆ ಕೂಡಿಸಿ ಹೊಡೆದಳು. ಬಲ ತುದಿ ತಾನಾಗಿಯೇ ತನ್ನ ಮೂಲೆಗೆ ಬಂದು ನಿಂತಿತ್ತು. ಅದಕ್ಕೂ ಹೊಡೆದು ಕೆಳಗಿಳಿದಳು.

ಅಜ್ಜ ಸ್ಟೂಲು ಹತ್ತಿ, ಪಟ್ಟಿಯ ಮೇಲೆ ಉದ್ದಕ್ಕೂ ಅಂಗೈ ಸವರಿದರು. ಮೂಲೆಯಲ್ಲಿ ಉಗುರು ತೂರಿಸಲು ನೋಡಿದರು. ಉಗುರು ಹೋಗಲಿಲ್ಲ.

"ಕಿಟಕಿಗಳೂ ನಿನ್ನವೇ," ಅಂದರು.

ಮೋನಮ್ಮ ಯಾರಿಗೂ ಕಾಣದಂತೆ ಮೂಗು ಒರೆಸಿಕೊಂಡಳು.

"ಇದರಲ್ಲಿ ಅವಳದೇನು ಅಜ್ಜಾ?" ಅಂದ ಕಾಳಾಚಾರಿ. ಅವನಿಗೆ ತಡೆಯಲಾಗಲಿಲ್ಲ. "ಹೊಡೆದಿದ್ದು ಗನ್ನು."

ಮೋನಮ್ಮ ನೆಟ್ಟಗೆ ಅವನ ಹತ್ತಿರ ಹೋಗಿ ಗನ್ನನ್ನು ಕೈಗಿಟ್ಟಳು.

"ಹಾಗಾದರೆ ಗನ್ನಿಗೇ ಹೇಳಿ ಅಣ್ಣಾ. ಹಿಂದಿನ ಬಾಗಿಲು ಹೊಡೆದುಕೊಡಲಿ."

ನಗುವ ಧೈರ್ಯ ಯಾರಿಗೂ ಇರಲಿಲ್ಲ. ಹಿಂದೆ ಸರಿಯುವ ಧೈರ್ಯ ಕಾಳಾಚಾರಿಗೆ ಇರಲಿಲ್ಲ. ಗನ್ನು ಹಿಡಿದು ಹಿಂದಿನ ಬಾಗಿಲಿಗೆ ನಡೆದ. ಎಲ್ಲರೂ ಅವನ ಹಿಂದೆ ನಡೆದರು.

ಕಾಳಾಚಾರಿ ಕೆಲಸಗಾರನೇ. ಅವನ ಸುತ್ತಿಗೆಯ ಪೆಟ್ಟಿಗೆ ಎದುರಿಲ್ಲ. ಆದರೆ ಬಡಗಿಯಾದ ಮೇಲೆ ಅವನು ಪಟ್ಟಿ ಹಿಡಿದವನಲ್ಲ. ಅವನ ಎಡಗೈಗೆ ಮೊಳೆ ಹಿಡಿಯುವುದು ಗೊತ್ತು, ಪಟ್ಟಿ ಹಿಡಿಯುವುದು ಮರೆತುಹೋಗಿತ್ತು.

ಪಟ್ಟಿ ಮೇಲೆ ಇಟ್ಟರೆ ಕೆಳಗೆ ಸರಿಯಿತು. ಕೆಳಗೆ ಒತ್ತಿದರೆ ಮೇಲೆ ಬಿಟ್ಟುಕೊಂಡಿತು. ಪಟ್ಟಿ ಅಲುಗಿದಾಗಲೆಲ್ಲ ಗನ್ನಿನ ಮೂತಿ ಸಡಿಲವಾಗಿ, ಕುದುರೆ ಎಳೆದರೂ ಹೊಡೆಯಲಿಲ್ಲ. ಅವನ ಹಣೆಯಲ್ಲಿ ಬೆವರು ಸಾಲುಗಟ್ಟಿತು.

ಕೊನೆಗೆ ಅವನು ಹಿಂದೆ ತಿರುಗಿಯೂ ನೋಡದೆ, ಪಟ್ಟಿಯ ಒಂದು ತುದಿಯನ್ನು ಪಕ್ಕಕ್ಕೆ ಚಾಚಿ ಅಂದ, "ಹಿಡಿ."

ಆ ಮಾತಿಗೆ ಮೋನಮ್ಮನ ಕೈ ತಾನಾಗಿಯೇ ಮೇಲೆದ್ದಿತು. ಅರ್ಧ ದಾರಿಯಲ್ಲಿ ಅವಳು ಅದನ್ನು ನೋಡಿದಳು. ನೋಡಿ, ಇಳಿಸಿದಳು.

"ಹಿಡಿ ಅಂದೆ!"

"ಕೇಳಿಸಿತು."

ಕಾಳಾಚಾರಿ ಈಗ ತಿರುಗಿದ. ಹಿಡಿಯಬಹುದಾದ ಗಂಡಸರು ಅಲ್ಲಿ ಎಷ್ಟೋ ಜನ ಇದ್ದರು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಪಟ್ಟಿ ಅವನ ಕೈಯಲ್ಲಿ ತೂಗುತ್ತಿತ್ತು.

"ಸ್ವಲ್ಪ ಹಿಡೀತೀಯಾ?"

"ಹೇಳ್ತಾ ಇದ್ದೀರಾ, ಕೇಳ್ತಾ ಇದ್ದೀರಾ?"

ಅವನು ಉಗುಳು ನುಂಗಿದ. ದನಿ ಇಳಿಯಿತು. "ಕೇಳ್ತಾ ಇದ್ದೀನಿ ಮೋನಮ್ಮ."

ಮೋನಮ್ಮ ಅವನ ಮುಖವನ್ನು ಚೆನ್ನಾಗಿ ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಇಲ್ಲ," ಅಂದಳು.

ಜೋಲಿಯ ಕಡೆಯಿಂದ ಕೂಸಿನ ಅಳು ಕೇಳಿಸಿತು. ಅವಳು ಅವನ ಕೈಯಿಂದ ಗನ್ನನ್ನು ತೆಗೆದುಕೊಂಡು, ಕೂಸಿನತ್ತ ನಡೆದುಹೋದಳು.

ಕಾಳಾಚಾರಿ ಪಟ್ಟಿಯನ್ನು ಹಿಡಿದುಕೊಂಡೇ ಅಜ್ಜನ ಕಡೆ ತಿರುಗಿದ.

"ನೋಡಿದಿರಾ ಅಜ್ಜಾ? ನಾನಾಗಿ ಬಾಯಿಬಿಟ್ಟು ಕೇಳಿದೆ. ಇಲ್ಲ ಅಂದುಬಿಟ್ಟಳು. ಈಗ ನಾನೇನು ಮಾಡಲಿ?"

ಅಜ್ಜ ಅಂದರು, "ನಾಳೆ ಬಂದು ಮತ್ತೆ ಕೇಳು. ಇಲ್ಲ ಅನ್ನಬಲ್ಲವಳು ಹೂಂ ಅಂದರೆ ಮಾತ್ರ ಅದು ನಿಜವಾದ ಹೂಂ."